ಹತ್ತಕ್ಕೆ ಎಂಟು ಅಂಕದ ಡಾಕ್ಟರು



ಹೈಸ್ಕೂಲಿನಲ್ಲಿ ನಾವೆಲ್ಲ ಒಂದು ಪ್ರಬಂಧ ಬಾಯಿಪಾಠ ಮಾಡಿದ್ದೇವೆ. ‘ಅವರ್ ಫ್ಯಾಮಿಲಿ ಡಾಕ್ಟರ್’. ಗೈಡಿನಲ್ಲಿ ಅಚ್ಚಾಗಿತ್ತು. ನಮ್ಮ ಮನೆ ಡಾಕ್ಟರು ನಗುನಗುತ್ತಾ ಮಾತಾಡಿಸುತ್ತಾರೆ, ಅರ್ಧರಾತ್ರಿ ಕರೆದರೂ ಬ್ಯಾಗು ಹಿಡಿದು ಬರುತ್ತಾರೆ, ಅಜ್ಜನ ಕಾಲದಿಂದ ನಮ್ಮ ಮನೆಯವರ ಮೈಯೆಲ್ಲ ಅವರಿಗೆ ಗೊತ್ತು. ತಪ್ಪಿಲ್ಲದೆ ಬರೆದವನಿಗೆ ಹತ್ತಕ್ಕೆ ಎಂಟು. ಕೇರಿಯ ಹುಡುಗರು ನಾವೂ ಬರೆದೆವು, ಎಂಟು ತಗೊಂಡೆವು. ಯಾವನೂ ಎದ್ದು ನಿಂತು ‘ಸಾರ್, ಇಂಥಾ ಡಾಕ್ಟ್ರು ಯಾರ ಮನೇಗೆ ಬರ್ತಾರೆ?’ ಅಂತ ಕೇಳಲಿಲ್ಲ. ನಮ್ಮ ಕೇರಿಗೆ ತಪ್ಪದೆ ಬರುತ್ತಿದ್ದ ಸರ್ಕಾರದ ಮನುಷ್ಯ ಒಬ್ಬನೇ, ಕರೆಂಟಿನ ಮೀಟರು ಓದುವವನು. ಅವನೂ ಬೀದಿಯಲ್ಲೇ ನಿಂತು ಬಿಲ್ಲು ಹರಿದು ಕೊಡುತ್ತಿದ್ದ.

ಆ ಪ್ರಬಂಧ ಈಗ ನೆನಪಾಗಲಿಕ್ಕೆ ಕಾರಣ ಇದೆ.

ಹೋದ ಮಳೆಗಾಲ ನಮ್ಮ ಹಾಸ್ಟೆಲಿನ ಗೆಳೆಯನೊಬ್ಬ, ಎರಡನೇ ವರ್ಷದ ಬಿ.ಎ., ಭಾನುವಾರ ರಾತ್ರಿ ಊಟ ಬೇಡ ಅಂದ. ಅವತ್ತು ಕೋಳಿ ಸಾರು. ಹಾಸ್ಟೆಲಿನಲ್ಲಿ ಕೋಳಿ ಸಾರು ಬೇಡ ಅಂದವನಿಗೆ ನಿಜವಾಗಿ ಜ್ವರ ಬಂದಿದೆ ಅಂತಲೇ ಲೆಕ್ಕ. ಸೋಮವಾರ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರಕೊಂಡು ಹೋದೆವು. ಡಾಕ್ಟರು ಮೀಟಿಂಗಿಗೆ ಹೋಗಿದ್ದರು. ಮಂಗಳವಾರ ಕ್ಲಾಸು ಬಿಟ್ಟು ಒಂಬತ್ತಕ್ಕೇ ಹೋಗಿ ನಿಂತೆವು. ಮುಂದೆ ಉದ್ದಕ್ಕೆ ಕ್ಯೂ: ಮಂಡಿ ನೋವಿನ ಮುದುಕಿಯರು, ಕೂಸು ಎತ್ತಿಕೊಂಡ ಹೆಂಗಸರು, ಕೈಗೆ ಬಟ್ಟೆ ಸುತ್ತಿಕೊಂಡ ಗಾರೆ ಕೆಲಸದವನು. ಒಂದು ಗಂಟೆ ಹತ್ತಿರಕ್ಕೆ ನಮ್ಮ ಸರದಿ ಬಂತು. ಡಾಕ್ಟರು ತಲೆ ಎತ್ತದೆ ‘ಎಷ್ಟು ದಿನದಿಂದ?’ ಅಂದರು. ಇವನು ಬಾಯಿ ತೆರೆಯೋದರೊಳಗೆ ಚೀಟಿ ಮೇಲೆ ಮಾತ್ರೆ ಬರೆದಾಗಿತ್ತು. ‘ವೈರಲ್ಲು. ಹೋಗು.’

ಬುಧವಾರ ಜ್ವರ ಬಿಡಲಿಲ್ಲ, ಮತ್ತೆ ಹೋದೆವು. ರಕ್ತ ನೋಡಬೇಕು, ಲ್ಯಾಬಿನವರು ಇವತ್ತು ಬೇರೆ ಕಡೆ ಡ್ಯೂಟಿ, ನಾಳೆ ಬನ್ನಿ. ಗುರುವಾರ ಹೋಗೋ ಹೊತ್ತಿಗೆ ‘ಚೀಟಿ ಮುಗೀತು ಕಣ್ರಪ್ಪ, ಬೇಗ ಬರೋಕಾಗಲ್ವಾ?’ ಶುಕ್ರವಾರ ಬೆಳಗಿನ ಜಾವ ಅವನು ಬಚ್ಚಲಲ್ಲಿ ಬಿದ್ದಿದ್ದ. ವಸಡಿನಲ್ಲಿ ರಕ್ತ. ಐದು ಜನ ಸೇರಿ ಆಟೋದಲ್ಲಿ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಓಡಿದೆವು. ಡೆಂಗಿ ಅಂದರು. ಉಳಿದ. ಇನ್ನೊಂದು ದಿನ ತಡ ಆಗಿದ್ದರೆ ಅಂತ ಅಲ್ಲಿನ ಡ್ಯೂಟಿ ಡಾಕ್ಟರು ಹೇಳಲು ಹೋಗಿ, ನಮ್ಮ ಮುಖ ನೋಡಿ ನಿಲ್ಲಿಸಿದರು.

ಸಂಜೆಗೆ ಅವನ ಅವ್ವ ಊರಿಂದ ಬಂದಳು. ಕಳೆ ಕೀಳೋ ಕೂಲಿ ಬಿಟ್ಟು, ಬಸ್ಸಿಗೆ ಪಕ್ಕದ ಮನೆಯಲ್ಲಿ ಸಾಲ ಮಾಡಿ. ಮಗನ ಹಣೆ ಮೇಲೆ ಕೈ ಇಟ್ಟುಕೊಂಡು ನಮ್ಮನ್ನ ಕೇಳಿದಳು: ‘ನಾಕು ದಿವಸದಿಂದ ಮೈ ಹಿಂಗ್ ಸುಡ್ತಿದ್ರೆ ಒಬ್ಬ ಡಾಕುಟ್ರೂ ಮುಟ್ ನೋಡ್ನಿಲ್ವಾ ಮಗಾ?’

ಮುಟ್ಟಿ ನೋಡುವುದು! ನಮ್ಮ ಕವಿತೆಗಳಲ್ಲಿ ನಾವು ಈ ಮಾತನ್ನ ನೂರು ಸಲ ಬಳಸಿದ್ದೇವೆ. ಆಸ್ಪತ್ರೆಯ ವರಾಂಡದಲ್ಲಿ ಆ ತಾಯಿ ಬಾಯಲ್ಲಿ ಕೇಳಿದಾಗ ಬೇರೆ ಥರ ಕೇಳಿಸಿತು.

ಬಾಬಾಸಾಹೇಬರ ‘ವೇಟಿಂಗ್ ಫಾರ್ ಎ ವೀಸಾ’ ಓದಿದವರಿಗೆ ಅದರಲ್ಲಿನ ಕಾಠಿಯಾವಾಡದ ಮೇಷ್ಟರ ಪ್ರಸಂಗ ಗೊತ್ತು. ಓದದವರು ಈ ವಾರವೇ ಓದಿ, ಚಿಕ್ಕ ಪುಸ್ತಕ. ಮೇಷ್ಟರು ಅಸ್ಪೃಶ್ಯ. ಹೆಂಡತಿ ಬಾಣಂತಿ, ಕಾಯಿಲೆ ಬಿದ್ದಿದ್ದಾಳೆ. ಹಿಂದೂ ಡಾಕ್ಟರು ಕೇರಿಯೊಳಗೆ ಕಾಲಿಡಲ್ಲ ಅಂದ. ಊರಿನ ದೊಡ್ಡವರ ಕಾಲು ಹಿಡಿದು ಎರಡು ರೂಪಾಯಿ ಫೀಸಿಗೆ ಒಪ್ಪಿಸಿದರು, ರೋಗಿಯನ್ನ ಕೇರಿಯಿಂದ ಹೊರಗೆ ತರಬೇಕು ಅನ್ನೋ ಷರತ್ತಿನ ಮೇಲೆ. ಡಾಕ್ಟರು ಥರ್ಮಾಮೀಟರನ್ನ ಒಬ್ಬ ಮುಸ್ಲಿಮನ ಕೈಗೆ ಕೊಟ್ಟ, ಅವನು ಗಂಡನ ಕೈಗೆ, ಗಂಡ ಹೆಂಡತಿಗೆ. ಅದೇ ದಾರಿಯಲ್ಲಿ ವಾಪಸ್ಸು. ನ್ಯುಮೋನಿಯಾ ಅಂದ, ಔಷಧಿ ಕಳಿಸಿದ, ಮತ್ತೆ ಬರಲಿಲ್ಲ. ಆಕೆ ಸತ್ತಳು. ಆ ಗಂಡನ ಪತ್ರ 1929ರ ಡಿಸೆಂಬರ್ 12ರ ‘ಯಂಗ್ ಇಂಡಿಯಾ’ದಲ್ಲಿ ಅಚ್ಚಾಗಿತ್ತು.

ನಮ್ಮ ಗೆಳೆಯನನ್ನ ನೋಡಿದ ಡಾಕ್ಟರು ಇವನ ಜಾತಿ ಕೇಳಲಿಲ್ಲ. ಅದು ನಿಜ, ಅದನ್ನ ಹೇಳಲೇಬೇಕು. ಅವರು ಯಾರನ್ನೂ ಮುಟ್ಟುತ್ತಿರಲಿಲ್ಲ. ಮುಟ್ಟಲಿಕ್ಕೆ ಪುರುಸೊತ್ತಿರಲಿಲ್ಲ. ಆದರೆ ಆ ಕ್ಯೂನಲ್ಲಿ ಯಾರು ಇದ್ದರು ನೋಡಿ. ಊರಿನ ಜಮೀನ್ದಾರರ ಮಗ ಇದ್ದನಾ? ಬ್ಯಾಂಕಿನ ಮ್ಯಾನೇಜರು ಇದ್ದರಾ? ಅವರು ಫೋನಿನಲ್ಲಿ ಅಪಾಯಿಂಟ್‌ಮೆಂಟ್ ತಗೊಂಡು, ಐನೂರು ಕೊಟ್ಟು, ಏಸಿ ರೂಮಿನಲ್ಲಿ ಕೂತು ಮುಟ್ಟಿಸಿಕೊಳ್ಳುತ್ತಾರೆ. ಪುರುಸೊತ್ತಿಲ್ಲದ ಡಾಕ್ಟರ ಮುಂದೆ ನಿಲ್ಲಬೇಕಾದವರು ಯಾರು ಅಂತ ತೀರ್ಮಾನ ಆಗೋದು ಆಸ್ಪತ್ರೆಯೊಳಗಲ್ಲ.

ಒಂದು ಲೆಕ್ಕ ಮಾಡೋಣ. ನಾವು ಆರ್ಟ್ಸಿನವರು, ಲೆಕ್ಕದಲ್ಲಿ ಹಿಂದೆ, ಆದರೂ ಇಷ್ಟು ಬರುತ್ತದೆ. ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಅನ್ನೋದು ಸರ್ಕಾರದ ನಿಯಮ. ಒಬ್ಬೊಬ್ಬರು ವರ್ಷಕ್ಕೆ ಎರಡೇ ಸಲ ಕಾಯಿಲೆ ಬೀಳ್ತಾರೆ ಅಂತಿಟ್ಟುಕೊಳ್ಳಿ. ಅರವತ್ತು ಸಾವಿರ ಸಲ ಆಯಿತು. ಮುನ್ನೂರು ದಿನಕ್ಕೆ ಹಂಚಿದರೆ ದಿನಕ್ಕೆ ಇನ್ನೂರು ಜನ. ಒಬ್ಬರೇ ಡಾಕ್ಟರು ಆರು ಗಂಟೆ ಕೂತರೆ ತಲೆಗೆ ಎರಡು ನಿಮಿಷವೂ ಇಲ್ಲ. ಇದು ಡಾಕ್ಟರು ದಿನಾ ಬಂದರೆ, ಮೀಟಿಂಗು ಇಲ್ಲದಿದ್ದರೆ, ಹುದ್ದೆ ಖಾಲಿ ಬೀಳದಿದ್ದರೆ.

ಇದು ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ. ಸ್ವಾತಂತ್ರ್ಯಕ್ಕೆ ಮುಂಚೆಯೇ, 1946ರಲ್ಲಿ, ಸರ್ ಜೋಸೆಫ್ ಭೋರ್ ಸಮಿತಿ ವರದಿ ಕೊಟ್ಟಿತು. ದುಡ್ಡಿಲ್ಲ ಅನ್ನೋ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಅನ್ನೋದು ಅದರ ತಳಹದಿ. ಮುಂದೆ ಹತ್ತರಿಂದ ಇಪ್ಪತ್ತು ಸಾವಿರ ಜನಕ್ಕೆ 75 ಹಾಸಿಗೆಯ ಆಸ್ಪತ್ರೆ, ಆರು ಜನ ಡಾಕ್ಟರು ಇರಬೇಕು ಅಂತ ಬರೆದರು. ಆರು ಜನ! 1952ರಿಂದ ಆರೋಗ್ಯ ಕೇಂದ್ರಗಳು ಶುರುವಾದವು, ಆರು ಜನ ಮಾತ್ರ ಕಾಗದದಲ್ಲೇ ಉಳಿದರು. 1978ರಲ್ಲಿ ಆಲ್ಮಾ ಆಟಾದಲ್ಲಿ ದೇಶದೇಶದವರು ಸೇರಿ 2000ನೇ ಇಸವಿಗೆ ಎಲ್ಲರಿಗೂ ಆರೋಗ್ಯ ಅಂದರು. ಆ ಇಸವಿ ದಾಟಿ ಇಪ್ಪತ್ತೈದು ವರ್ಷ ಆಯಿತು. ನಾವು ಹುಟ್ಟಿದ್ದು ಅದರ ಆಸುಪಾಸಿನಲ್ಲಿ.

ಇಂಗ್ಲೆಂಡಿನಲ್ಲಿ ಭೋರ್ ವರದಿಯ ಎರಡು ವರ್ಷಕ್ಕೆ, 1948ರ ಜುಲೈ 5ಕ್ಕೆ, ಸರ್ಕಾರದ ಖರ್ಚಿನಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಡಾಕ್ಟರು ಅಂತ ಮಾಡಿದರು. ಗೈಡಿನ ಪ್ರಬಂಧ ಬಂದದ್ದು ಅಂಥ ಕಡೆಯಿಂದಲೇ ಇರಬೇಕು. ಈಗ ಅಲ್ಲೂ ಬೆಳಗ್ಗೆ ಎಂಟಕ್ಕೆ ಫೋನು ಹಿಡಿದು, ಲೈನು ಸಿಗದೆ ಜನ ರೇಗುತ್ತಾರೆ. ಪೇಪರಿನಲ್ಲಿ ಬರೀತಾರೆ, ಚುನಾವಣೆಯಲ್ಲಿ ಕೇಳ್ತಾರೆ. ಆದರೆ ಅವರು ರೇಗೋದಕ್ಕೆ ಒಂದು ಆಧಾರ ಇದೆ: ಒಂದು ಕ್ಲಿನಿಕ್ಕಿನ ಪಟ್ಟಿಯಲ್ಲಿ ಅವರ ಹೆಸರಿದೆ. ನಮ್ಮ ಅವ್ವ ಯಾವ ಪಟ್ಟಿ ಹಿಡಿದು ರೇಗಬೇಕು? ಆ ದೇಶದ ಕ್ಲಿನಿಕ್ಕುಗಳನ್ನ ನಡೆಸಿದವರಲ್ಲಿ ಇಂಡಿಯಾದಲ್ಲಿ ಓದಿ ಹೋದ ಡಾಕ್ಟರು ಸಾವಿರಾರು. ನಮ್ಮ ಸರ್ಕಾರದ ಕಾಲೇಜಿನಲ್ಲಿ, ನಮ್ಮ ರೋಗಿಗಳ ಮೈಮೇಲೆ ಕಲಿತವರು. ಅವರನ್ನ ಬೈದು ಪ್ರಯೋಜನ ಇಲ್ಲ, ಲೆಕ್ಕದಲ್ಲಿ ಇರಲಿ ಅಂತ ಹೇಳಿದೆವು.

‘ಕಾರ್ಡ್ ಇದೆಯಲ್ಲಯ್ಯ’ ಅಂತಾರೆ. ಇದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ, ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ. ಒಳ್ಳೆಯದೇ. ಆದರೆ ಅದು ಆಸ್ಪತ್ರೆಯಲ್ಲಿ ಮಲಗಿದ ಮೇಲೆ ಎದ್ದು ಬರುವ ಕಾರ್ಡು. ಸೋಮವಾರದ ಜ್ವರಕ್ಕೆ ಅದು ಸುಮ್ಮನಿರುತ್ತದೆ, ಶುಕ್ರವಾರದ ರಕ್ತಕ್ಕೆ ಬಾಯಿ ಬಿಡುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ, ತುರ್ತು ಅಲ್ಲದಿದ್ದಲ್ಲಿ, ಸರ್ಕಾರಿ ಆಸ್ಪತ್ರೆಯ ಚೀಟಿ ಬೇಕು. ಅಂದರೆ ಮತ್ತೆ ಅದೇ ಕ್ಯೂ!

2022ರ ಡಿಸೆಂಬರಿನಲ್ಲಿ ಪಟ್ಟಣಗಳಲ್ಲಿ ‘ನಮ್ಮ ಕ್ಲಿನಿಕ್’ ತೆರೆದರು. ಹೆಸರು ಚೆನ್ನಾಗಿದೆ. ಶುರುವಿನಲ್ಲಿ ಇಟ್ಟ ಹೊತ್ತು ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆ. ಒಂಬತ್ತರಿಂದ ನಾಲ್ಕೂವರೆಗೆ ಪೌರಕಾರ್ಮಿಕ ಹೆಂಗಸು ಎಲ್ಲಿರುತ್ತಾಳೆ? ಗಾರ್ಮೆಂಟ್ಸಿನ ಹುಡುಗಿ ಎಲ್ಲಿರುತ್ತಾಳೆ? ಈ ಹೊತ್ತನ್ನ ಗುರುತು ಹಾಕಿದವನು ತಿಂಗಳ ಸಂಬಳದವನು. ರಜೆ ಹಾಕಿದರೆ ಸಂಬಳ ಹೋಗೋದಿಲ್ಲ ಅಂತ ಗೊತ್ತಿರುವವನು.

ಅದಕ್ಕೇ ನಮ್ಮ ಜನ ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರದ ಡಿಗ್ರಿ ಇಲ್ಲದ ಡಾಕ್ಟರ ಹತ್ತಿರ ಹೋಗೋದು. ನಾವು ಓದಿದವರು ಅವನನ್ನ ನಕಲಿ ಅಂತೀವಿ, ನಕಲಿಯೇ. ಕೈಗೆ ಸಿಕ್ಕ ಸೂಜಿ ಚುಚ್ಚುತ್ತಾನೆ, ಬೇಡದ ಗ್ಲೂಕೋಸ್ ಏರಿಸುತ್ತಾನೆ, ಸ್ಟೀರಾಯ್ಡ್ ಕೊಟ್ಟು ಎರಡು ದಿನಕ್ಕೆ ಎಬ್ಬಿಸಿ ಕೂರಿಸುತ್ತಾನೆ, ಒಳಗೆ ಏನು ಕೆಡುತ್ತದೋ ಅವನಿಗೂ ಗೊತ್ತಿಲ್ಲ. ಆದರೆ ರಾತ್ರಿ ಒಂಬತ್ತರವರೆಗೆ ಬಾಗಿಲು ತೆಗೆದಿರುತ್ತಾನೆ. ‘ಬಾವ್ವ, ಕೂತ್ಕೊ, ಏನಾಯ್ತು’ ಅಂತಾನೆ. ಕೈ ಹಿಡಿದು ನೋಡ್ತಾನೆ. ದುಡ್ಡು ಶನಿವಾರ ಕೊಡು ಅಂತಾನೆ. ನಮ್ಮ ಕೇರಿಯ ಫ್ಯಾಮಿಲಿ ಡಾಕ್ಟರು ಅಂದರೆ ಅವನೇ. ಅವನ ಅಂಗಡಿಗೆ ಬೀಗ ಹಾಕಿ ಅಂತ ಮನವಿ ಬರೆಯೋದು ಸುಲಭ. ಬೀಗ ಬಿದ್ದ ಸಂಜೆ ಆ ಹೆಂಗಸು ಎಲ್ಲಿಗೆ ಹೋಗಬೇಕು ಅಂತಲೂ ಅದೇ ಮನವಿಯಲ್ಲಿ ಬರೀಬೇಕು.

ನಮ್ಮವರೇ ಡಾಕ್ಟರಾಗಿಲ್ಲವಾ? ಆಗಿದ್ದಾರೆ. ಮೀಸಲಾತಿಯಲ್ಲಿ ಸೀಟು ತಗೊಂಡು, ಇದೇ ಹಾಸ್ಟೆಲಿನ ಮುದ್ದೆ ತಿಂದು ಓದಿದವರು. ಕೆಲವರು ಕೇರಿಯ ದಾರಿ ಮರೆತರು, ಅವರ ಮೇಲೆ ನಮಗೆ ಸಿಟ್ಟಿದೆ. ಆದರೆ ಅವರು ದಾಟಿ ಬಂದ ದಾರಿಯೂ ಗೊತ್ತಿರಲಿ. 2019ರ ಮೇ ತಿಂಗಳಲ್ಲಿ ಮುಂಬೈನಲ್ಲಿ ಆದಿವಾಸಿ ಸಮುದಾಯದ ಡಾಕ್ಟರ್ ಪಾಯಲ್ ತಡ್ವಿ ಪ್ರಾಣ ಕಳಕೊಂಡರು. ಜಾತಿ ಹಿಡಿದು ಕಿರುಕುಳ ಕೊಟ್ಟರು ಅನ್ನೋ ಆರೋಪ ಕೋರ್ಟಿಗೆ ಹೋಯಿತು.

ಹಾಸ್ಟೆಲಿನವರಾದ ನಮ್ಮ ಕಥೆ ಇನ್ನೂ ವಿಚಿತ್ರ. ಶಾಲಾ ಮಕ್ಕಳನ್ನ ಪರೀಕ್ಷೆ ಮಾಡಲಿಕ್ಕೆ 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ಹುಟ್ಟಿದಂದಿನಿಂದ ಹದಿನೆಂಟರವರೆಗೆ. ಹತ್ತೊಂಬತ್ತಕ್ಕೆ ಬಿದ್ದ ದಿನ ನಾವು ಯಾರ ಲೆಕ್ಕಕ್ಕೂ ಇಲ್ಲ. ಊರಿನ ಆಶಾ ಅಕ್ಕನ ಪುಸ್ತಕದಲ್ಲಿ ನಮ್ಮ ಹೆಸರಿದೆ, ನಾವು ಊರಲ್ಲಿಲ್ಲ. ಪಟ್ಟಣದ ಪುಸ್ತಕದಲ್ಲಿ ನಮ್ಮ ಹೆಸರೇ ಇಲ್ಲ.

ಅದಕ್ಕೆ ನಾವು ವಾರ್ಡನ್ನರಿಗೆ ಬರೆದುಕೊಟ್ಟಿದ್ದೇವೆ. ಪಟ್ಟಣದ ಹಾಸ್ಟೆಲುಗಳಿಗೆ ವಾರಕ್ಕೆ ಎರಡು ಸಂಜೆ, ಆರು ಗಂಟೆ ಮೇಲೆ, ಸರ್ಕಾರಿ ಡಾಕ್ಟರು ಬರಬೇಕು. ಪ್ರತಿ ವಿದ್ಯಾರ್ಥಿಯ ಹೆಸರು ಹತ್ತಿರದ ಆಸ್ಪತ್ರೆಯ ಪಟ್ಟಿಯಲ್ಲಿರಬೇಕು. ಆಸ್ಪತ್ರೆ ಬಾಗಿಲಲ್ಲಿ ಇವತ್ತು ಡ್ಯೂಟಿ ಯಾರದು, ಎಷ್ಟು ಹೊತ್ತಿಂದ ಎಷ್ಟು ಹೊತ್ತಿಗೆ, ಇಲ್ಲದಿದ್ದರೆ ಬದಲಿಗೆ ಯಾರು ಅಂತ ದಿನಾ ಬೆಳಗ್ಗೆ ಬರೆದು ಹಾಕಬೇಕು. ಆಸ್ಪತ್ರೆ ಹೊತ್ತು ಕೂಲಿ ಮುಗಿದ ಮೇಲೂ ಇರಬೇಕು. ವಾರ್ಡನ್ನರು ಓದಿ, ‘ಮೇಲಕ್ಕೆ ಕಳಿಸ್ತೀನಿ’ ಅಂದರು. ಮೇಲಕ್ಕೆ ಹೋದ ಕಾಗದಗಳ ಸುದ್ದಿ ನಿಮಗೂ ಗೊತ್ತು.

ಅಷ್ಟರೊಳಗೆ ನಾವೇ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಹಾಸ್ಟೆಲಿನಿಂದ ಆಸ್ಪತ್ರೆಗೆ ಹೋದವರು ಅದರಲ್ಲಿ ಬರೀಬೇಕು: ಎಷ್ಟು ಹೊತ್ತಿಗೆ ಹೋದೆ, ಚೀಟಿ ಸಿಕ್ಕಿತಾ, ಡಾಕ್ಟರು ಎಷ್ಟು ಹೊತ್ತಿಗೆ ಬಂದರು, ಮುಟ್ಟಿ ನೋಡಿದರಾ. ಕೊನೆಯ ಕಾಲಮ್ಮು ಆ ಅವ್ವನದು. ನಿಮ್ಮ ಹಾಸ್ಟೆಲಿನಲ್ಲೂ ಇಡಿ. ಇಪ್ಪತ್ತು ರೂಪಾಯಿ ಖರ್ಚು. ಮೂರು ತಿಂಗಳ ಪುಸ್ತಕ ಒಟ್ಟು ಮಾಡಿ ಜಿಲ್ಲಾಧಿಕಾರಿಗಳ ಮೇಜಿನ ಮೇಲೆ ಇಡೋಣ.

ಪುಸ್ತಕ ಸದ್ಯಕ್ಕೆ ಆ ಗೆಳೆಯನ ಹತ್ತಿರವೇ ಇದೆ. ಅವನ ಇಂಟರ್ನಲ್ ಪರೀಕ್ಷೆ ತಪ್ಪಿತ್ತು, ಕಾಲೇಜಿನವರು ಮೆಡಿಕಲ್ ಸರ್ಟಿಫಿಕೇಟ್ ತಾ ಅಂದಿದ್ದಾರೆ. ಅದಕ್ಕೆ ಅವನು ಮತ್ತೆ ಅದೇ ಕ್ಯೂನಲ್ಲಿ ನಿಲ್ಲಬೇಕು. ಸೋಮವಾರ ನಾವೂ ಜೊತೆಗೆ ಹೋಗ್ತಾ ಇದ್ದೇವೆ. ಬರುವವರು ಎಂಟೂವರೆಗೆ ಹಾಸ್ಟೆಲ್ ಗೇಟಿನ ಹತ್ತಿರ ಇರಿ.