ಚಳಿಗಾಲದ ವಿಶ್ರಾಂತಿ ಯಾರ ಪಾಲಿಗೆ?

ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಗದ್ದಲ ಮುಗಿದೊಡನೆ ದೊಡ್ಡ ಪತ್ರಿಕೆಗಳಲ್ಲಿ ಒಂದು ಉಪದೇಶ ತಪ್ಪದೆ ಅಚ್ಚಾಗುತ್ತದೆ. ಹಬ್ಬಗಳಲ್ಲಿ ದಣಿದಿದ್ದೀರಿ, ಇನ್ನು ಚಳಿಗಾಲ ವಿಶ್ರಾಂತಿಯ ಕಾಲ, ಹೊದ್ದು ಮಲಗಿರಿ, ಬಿಸಿ ಬಿಸಿಯಾದುದನ್ನು ಕುಡಿಯಿರಿ, ಮರಗಳೂ ಎಲೆ ಉದುರಿಸಿ ಸುಮ್ಮನಿರುವ ಹೊತ್ತು ಇದು ಎಂದು. ಒಳ್ಳೆಯ ಮಾತೇ. ಆದರೆ ಆ ಬಿಸಿಯಾದುದನ್ನು ಕಾಯಿಸಿ ಮೇಜಿಗೆ ತಂದಿಡುವವನು ಯಾವಾಗ ಮಲಗಬೇಕು ಎಂಬುದನ್ನು ಬರೆದ ಮಹಾಶಯರು ಹೇಳುವುದಿಲ್ಲ.

ಹಬ್ಬದಲ್ಲಿ ದಣಿದವರು ಯಾರು? ಉಂಡವರೂ ದಣಿಯುತ್ತಾರೆ, ಇಲ್ಲವೆನ್ನುವುದಿಲ್ಲ. ಬಡಿಸಿದವರ ದಣಿವು ಬೇರೆ. ಡಿಸೆಂಬರ್ 31ರ ರಾತ್ರಿ ಬಾರು, ಹೊಟೇಲುಗಳನ್ನು ಬೆಳಗಿನ 5ರವರೆಗೆ ತೆರೆದಿಡಲು ಮಹಾರಾಷ್ಟ್ರ ಸರಕಾರ ಈಚಿನ ವರ್ಷಗಳಲ್ಲಿ ಪರವಾನಗಿ ಕೊಡುತ್ತ ಬಂದಿದೆ. ಗಿರಾಕಿ 5ಕ್ಕೆ ಎದ್ದುಹೋದರೆ ಮಾಣಿಗೆ 5ಕ್ಕೆ ಬಿಡುಗಡೆಯೆಂದಲ್ಲ. ಮೇಜು ಒರೆಸಬೇಕು, ನೆಲ ತೊಳೆಯಬೇಕು, ಒಡೆದ ಗ್ಲಾಸಿನ ಲೆಕ್ಕ ಒಪ್ಪಿಸಬೇಕು. ಪಕ್ಕದ ತಿಂಡಿ ಹೊಟೇಲಿನಲ್ಲಿ ಅಷ್ಟರೊಳಗೆ ಇಡ್ಲಿಯ ಮೊದಲ ಒಬ್ಬೆ ಇಳಿದಿರುತ್ತದೆ. ಡಿಸೆಂಬರ್ ತಿಂಗಳಿಡೀ ಹೀಗೆ ನಡೆದು, ಜನವರಿ 1ರಂದು ಮಾಲಿಕರು ಎಲ್ಲರಿಗೂ ಒಂದೊಂದು ಪೇಡೆ ಹಂಚಿದರೆ ಹಬ್ಬ ಮುಗಿಯಿತು.

ಮುಂಬಯಿಯಲ್ಲಿ ಚಳಿಯೆಲ್ಲಿದೆ ಎಂದು ನಗುವವರೂ ಇದ್ದಾರೆ. ಭಟ್ಟಿಯ ಮುಂದೆ ನಿಂತ ದೋಸೆ ಭಟ್ಟರಿಗೆ ಇಲ್ಲ, ನಿಜ. ಅವರು ಬೆಳಗಿನ ಜಾವ 4 ಗಂಟೆಗೆ ಮೋರಿಯ ಬಳಿ ತಣ್ಣೀರಿನಲ್ಲಿ ಪಾತ್ರೆ ತಿಕ್ಕುವ ಕ್ಲೀನರನ ಬೆರಳ ಸಂದಿಯನ್ನೊಮ್ಮೆ ನೋಡಲಿ. ದಿನಕ್ಕೆ ಹತ್ತು ಹನ್ನೆರಡು ಗಂಟೆ ನಿಂತೇ ಇರುವವನ ಕಾಲಿನ ನರಗಳು ಹಗ್ಗದಂತೆ ಉಬ್ಬಿರುವುದನ್ನು ನೋಡಲಿ. ಕಾಲು ಎತ್ತಿಟ್ಟು ಮಲಗು ಎನ್ನುತ್ತಾರೆ ಡಾಕ್ಟರು. ಮೇಜುಗಳ ನಡುವೆ ಚಾಪೆ ಹಾಸಿ ನಾಲ್ಕು ಗಂಟೆ ನಿದ್ದೆ ಮಾಡುವವನು ಕಾಲನ್ನು ಎಲ್ಲಿ ಎತ್ತಿಡಬೇಕು, ಗಲ್ಲಾ ಪೆಟ್ಟಿಗೆಯ ಮೇಲೋ?

ವಿಶ್ರಾಂತಿಯೆಂಬುದು ಋತುವಿನಿಂದ ಬರುವುದಲ್ಲ, ಸಂಬಳ ಸಹಿತ ರಜೆಯಿಂದ ಬರುತ್ತದೆ. ಊರಿನಲ್ಲೂ ಹಾಗೆಯೇ. ನಮ್ಮ ಕರಾವಳಿಯಲ್ಲಿ ಚಳಿಗಾಲವೆಂದರೆ ಕೋಲ, ಕಂಬಳ, ಯಕ್ಷಗಾನದ ಕಾಲವೆಂದು ಹೊರಗಿನವರಿಗೆ ಕಾಣುತ್ತದೆ. ಅದೇ ಕಾಲದಲ್ಲಿ ತಾಯಂದಿರು ಅಡಿಕೆ ಸುಲಿಯುತ್ತಿರುತ್ತಾರೆ, ಸುಗ್ಗಿ ಗದ್ದೆಗೆ ಬಾಗಿರುತ್ತಾರೆ. ಕೆಲಸ ಬಿಟ್ಟರೆ ಕೂಲಿ ಇಲ್ಲದವರಿಗೆ ಯಾವ ಋತುವೂ ವಿಶ್ರಾಂತಿಯ ಋತುವಲ್ಲ.

ಈಗ ಕಾನೂನಿಗೆ ಬರೋಣ. 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ, ವರ್ಷದಲ್ಲಿ 240 ದಿನ ದುಡಿದವನಿಗೆ 21 ದಿನಗಳ ಸಂಬಳ ರಜೆ ಕೊಟ್ಟಿತ್ತು. ಅದನ್ನು ತೆಗೆದುಹಾಕಿ ಬಂದ 2017ರ ಮಹಾರಾಷ್ಟ್ರ ಕಾಯಿದೆಯ ಲೆಕ್ಕ ಬೇರೆ: 240 ದಿನ ದಾಟಿದವನಿಗೆ ಪ್ರತಿ 20 ದಿನ ದುಡಿಮೆಗೆ 1 ದಿನ. ಅಂದರೆ 300 ದಿನ ದುಡಿದವನಿಗೆ 15 ದಿನ. ಇದರ ಜೊತೆ 8 ದಿನ ಕ್ಯಾಜುವಲ್ ರಜೆ ಕೊಟ್ಟಿದ್ದೇವಲ್ಲ, ಒಟ್ಟು ಕೂಡಿಸಿದರೆ ಹೆಚ್ಚೇ ಆಯಿತಲ್ಲ ಎಂದು ವಾದಿಸುವ ವಕೀಲರು ಸಿಗುತ್ತಾರೆ. ಕ್ಯಾಜುವಲ್ ರಜೆ ಜ್ವರಕ್ಕೆ, ಸಾವಿಗೆ. ಮೂರು ತಿಂಗಳಿಗೆ ಎರಡರಂತೆ ಲೆಕ್ಕಕ್ಕೆ ಸೇರುವ ದಿನಗಳನ್ನು ಹಿಡಿದುಕೊಂಡು ಯಾರೂ ಕುಂದಾಪುರಕ್ಕೆ ಹೋಗಿ ಬರಲಾರರು. ಆ 15 ದಿನವಾದರೂ ಕೈಗೆ ಸಿಗುತ್ತದೆಯೇ? ಮಾಲಿಕರು ಊರಿಗೆ ಹೋಗಿ ಬಾ ಅನ್ನುತ್ತಾರೆ, ಸಂಬಳ ಕೇಳಿದರೆ ಮುಖ ತಿರುಗಿಸುತ್ತಾರೆ. ಹಿಂತಿರುಗಿದವನ ಜಾಗದಲ್ಲಿ ಹೊಸಬ ನಿಂತಿರುವುದನ್ನು ನಾನು ಒಂದೆರಡು ಕಡೆ ಅಲ್ಲ, ಹಲವು ಕಡೆ ಕಂಡಿದ್ದೇನೆ.

ಸಾಲದೆಂಬಂತೆ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಮಂತ್ರಿಮಂಡಲ ಇನ್ನೊಂದು ತೀರ್ಮಾನಕ್ಕೆ ಒಪ್ಪಿಗೆ ಕೊಟ್ಟಿತು. ಅಂಗಡಿ ಹೊಟೇಲುಗಳಲ್ಲಿ ದಿನದ ದುಡಿಮೆ 9 ಗಂಟೆಯ ಬದಲು 10 ಗಂಟೆ. ಕಾಯಿದೆಯ ಹಿಡಿತ 10 ಕೆಲಸಗಾರರ ಬದಲು 20 ಮತ್ತು ಹೆಚ್ಚು ಕೆಲಸಗಾರರಿರುವಲ್ಲಿಗೆ. ಹನ್ನೆರಡು, ಹದಿನೆಂಟು ಜನ ದುಡಿಯುವ ನಮ್ಮ ಉಡುಪಿ ಹೊಟೇಲುಗಳ ಗತಿಯೇನು? ಹತ್ತೊಂಬತ್ತನೆಯವನು ದಣಿಯುವುದಿಲ್ಲವೇ? ವ್ಯಾಪಾರ ಸುಲಭವಾಗಲಿ ಎಂದು ಇದನ್ನು ಮಾಡಿದರಂತೆ. ಸುಲಭವಾದದ್ದು ಯಾರಿಗೆಂದು ಬೇರೆ ಹೇಳಬೇಕಾಗಿಲ್ಲ.

ಎಲ್ಲರೂ ಜನವರಿಯಲ್ಲಿ ಹೋದರೆ ಹೊಟೇಲು ಮುಚ್ಚಬೇಕೇ ಎಂಬುದು ಮಾಲಿಕರ ಪ್ರಶ್ನೆ. ಬೇಡ ಸ್ವಾಮಿ, ಲೆಕ್ಕ ಹಾಕಿ. ಇಪ್ಪತ್ತು ಜನರ ಹೊಟೇಲಿನಲ್ಲಿ ಐದೈದು ಜನರ ನಾಲ್ಕು ತಂಡ, ತಂಡಕ್ಕೆ 15 ದಿನ. ಜನವರಿ 2ರಂದು ಶುರು ಮಾಡಿದರೆ ಮಾರ್ಚ್ 2ಕ್ಕೆ ಕೊನೆಯ ತಂಡದ ರಜೆ ಮುಗಿಯುತ್ತದೆ. ಒಮ್ಮೆಗೆ ಇಲ್ಲದವರು ಐದು ಜನ. ಮೂವರು ಬದಲಿ ಆಳುಗಳನ್ನು ಇಟ್ಟುಕೊಂಡರೆ ನಡೆಯುತ್ತದೆ. ಡಿಸೆಂಬರಿನಲ್ಲಿ ಹೆಚ್ಚಿನ ಜನ ಬೇಕೆಂದಾಗ ರಾತ್ರೋರಾತ್ರಿ ಹತ್ತು ಆಳು ಹುಡುಕುವ ಮೆನೇಜರನಿಗೆ ಜನವರಿಯಲ್ಲಿ ಮೂವರು ಸಿಗುವುದಿಲ್ಲವೇ?

ನಮ್ಮವರಿಗೂ ಎರಡು ಮಾತು. ರಜೆ ಬಿಟ್ಟು ದುಡಿದರೆ ನಾಲ್ಕು ಕಾಸು ಹೆಚ್ಚು ಬರುತ್ತದೆಂದು ಲೆಕ್ಕ ಹಾಕುವ ಗೆಳೆಯರಿದ್ದಾರೆ. ಅವರ ಮನೆಯ ಸಾಲ ನನಗೂ ಗೊತ್ತು. ಆದರೆ ಒಬ್ಬನು ರಜೆ ಬೇಡವೆಂದರೆ, ಬೇಕೆನ್ನುವ ಉಳಿದವರು ಸೋಮಾರಿಗಳೆಂದು ಹೇಳಲು ಮಾಲಿಕರಿಗೆ ಸಾಕ್ಷಿ ಸಿಕ್ಕಿದಂತಾಗುತ್ತದೆ. ಸಂಬಳ ರಜೆಯಲ್ಲಿ ಕೂಲಿ ಹೋಗುವುದಿಲ್ಲ ಎಂಬುದೇ ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ. ಸಂಘದವರಾದ ನಾವು ಇದನ್ನು ಇನ್ನೂ ಗಟ್ಟಿಯಾಗಿ ಹೇಳಬೇಕಾಗಿದೆ.

ಕೊನೆಯದಾಗಿ ರೈಲಿನ ವಿಷಯ. ಕೊಂಕಣ ರೈಲು 1998ರಲ್ಲಿ ಪೂರ್ತಿ ತೆರೆದ ಮೇಲೆ ಊರು ಒಂದು ರಾತ್ರಿಯ ದಾರಿಯಾಯಿತು. ಆದರೆ 2024ರ ನವೆಂಬರ್ 1ರಿಂದ ರೈಲು ಟಿಕೇಟಿನ ಮುಂಗಡ ಅವಧಿಯನ್ನು 120 ದಿನಗಳಿಂದ 60 ದಿನಗಳಿಗೆ ಇಳಿಸಿದ್ದಾರೆ. ಜನವರಿ 10ರ ಮತ್ಸ್ಯಗಂಧ ಹಿಡಿಯಬೇಕಾದರೆ ನವೆಂಬರ್ 11ರ ಬೆಳಿಗ್ಗೆಯೇ ಟಿಕೇಟು ತೆಗೆಯಬೇಕು. ಹೊಸ ವರ್ಷ ಕಳೆಯಲಿ, ಆಮೇಲೆ ನೋಡೋಣ ಎನ್ನುವ ಮಾಲಿಕರು ರಜೆ ಇಲ್ಲವೆಂದು ಬಾಯಿ ಬಿಟ್ಟು ಹೇಳಬೇಕಾಗಿಯೇ ಇಲ್ಲ, ರೈಲಿನವರೇ ಹೇಳಿಬಿಡುತ್ತಾರೆ. ಆದ್ದರಿಂದ ಯಾವ ತಂಡ ಯಾವಾಗ ಹೋಗಬೇಕೆಂಬ ಪಟ್ಟಿ ಅಕ್ಟೋಬರ್ ಮುಗಿಯುವುದರೊಳಗೆ ಅಡಿಗೆಮನೆಯ ಗೋಡೆಗೆ ಅಂಟಬೇಕು. ಈ ಸಲಕ್ಕೆ ತಡವಾಯಿತೆಂದು ಕೈಕಟ್ಟಿ ಕೂರಬೇಡಿ, ಫೆಬ್ರವರಿ ಇನ್ನೂ ಇದೆ, ಬಸ್ಸುಗಳಿವೆ. ಅರ್ಜಿ ಬರವಣಿಗೆಯಲ್ಲಿರಲಿ, ಎರಡು ಪ್ರತಿ ಮಾಡಿ ಒಂದರ ಮೇಲೆ ಮೆನೇಜರನ ಸಹಿ, ತಾರೀಕು ಹಾಕಿಸಿಕೊಂಡು ಟ್ರಂಕಿನಲ್ಲಿಡಿ. ಬರೆಯಲು ಬಾರದವರು ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಸಂಘದ ಕಚೇರಿಗೆ ಬನ್ನಿ, ಬರೆದುಕೊಡುತ್ತೇವೆ.