ಶಾಲೆಯ ಚೀಟಿ ಓದಿ ಹೇಳುವವರು ಯಾರು?

ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳು ಹಿಸ್ಪಾನಿಕ್, ಅಂದರೆ ಮೆಕ್ಸಿಕೊ, ಕ್ಯೂಬಾದಂಥ ಸ್ಪ್ಯಾನಿಷ್ ಮಾತಿನ ದೇಶಗಳ ಮೂಲದವರು. ಶಾಲೆಯಿಂದ ಇಂಗ್ಲಿಷ್ ಚೀಟಿ ಬಂದರೆ ಎಷ್ಟೋ ಮನೆಗಳಲ್ಲಿ ಅಮ್ಮನಿಗೆ ಓದಿ ಹೇಳುವುದು ಮಗುವೇ. ತನ್ನ ಮೇಲಿನ ದೂರನ್ನು ಯಾವ ಮಗು ನೆಟ್ಟಗೆ ಓದೀತು ಹೇಳಿ!

ಪೋಷಕರ ವಾಟ್ಸಾಪ್ ಗ್ರೂಪ್ ಕೈಹಿಡಿಯುವುದು ಇಲ್ಲೇ. ಚೀಟಿಯ ಫೋಟೊ ಹಾಕಿದರೆ ಇನ್ನೊಬ್ಬ ತಾಯಿ ಸ್ಪ್ಯಾನಿಷಿನಲ್ಲೇ ವಾಯ್ಸ್ ಮೆಸೇಜ್ ಕಳಿಸುತ್ತಾಳೆ. ಮೀಟಿಂಗಿಗೆ ಒಬ್ಬರೇ ಹೋಗಲು ಅಂಜುವವರು ನಾಲ್ವರು ಕೂಡಿ ಹೋಗುತ್ತಾರೆ. ವಲಸೆ ಕಾಗದಪತ್ರ ಇಲ್ಲದ ಮಕ್ಕಳಿಗೂ ಶಾಲೆ ಬಾಗಿಲು ಮುಚ್ಚುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಹೆದರಿ ಕೂತವರಿಗೆ ಆ ಮಾತು ಮುಟ್ಟುವುದೂ ಹೀಗೆಯೇ.

ಹಾಗೆಂದು ಗ್ರೂಪ್ ಇದೆಯಲ್ಲ ಎಂದು ಶಾಲೆ ಕೈತೊಳೆದುಕೊಂಡರೆ ನಾವು ಒಪ್ಪುವುದಿಲ್ಲ. ಫೋನಿಗೆ ಡೇಟಾ ಹಾಕಿಸಲಾಗದ ತಾಯಿ ಮತ್ತೆ ಮಗುವಿನ ಬಾಯನ್ನೇ ನೋಡಬೇಕಾಗುತ್ತದೆ.