ಗಲ್ಲೆಯ ಯಂತ್ರವೂ ಹೊಸಬರ ಸಂಬಳವೂ

ಬಿಲ್ಲಿನ ಯಂತ್ರದಲ್ಲಿ ತಪ್ಪು ಮಾಡಿದ ಹುಡುಗನ ಸಂಬಳದಲ್ಲಿ ಹಣ ಮುರಿದುಕೊಳ್ಳುವುದು ನ್ಯಾಯವೇ? ಈ ಪ್ರಶ್ನೆ ಮೊದಲು ನಮಗೇ ತಗಲುತ್ತದೆ. ದೆಹಲಿಯಲ್ಲಿ ಹೋಟೆಲು ನಡೆಸುತ್ತಿದ್ದಾಗ ನಾವೂ ಒಮ್ಮೆ ಹಾಗೆ ಮುರಿದುಕೊಂಡೆವು. ಹುಡುಗ ಮರುಮಾತಾಡದೆ ಕೆಲಸ ಬಿಟ್ಟು ಹೋದ.

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. ಹೋಟೆಲಿನ ಊಟಕ್ಕೆ ಹವಾನಿಯಂತ್ರಣವಿಲ್ಲದ ಕಡೆ ಶೇಕಡ 12, ಇದ್ದ ಕಡೆ 18 ತೆರಿಗೆ ಬಿದ್ದಿತು. ಅದೇ ನವೆಂಬರ್ 15ರಿಂದ ಸಾಮಾನ್ಯ ಹೋಟೆಲುಗಳಿಗೆಲ್ಲ ಅದು 5 ಆಯಿತು. 2022ರ ಜನವರಿ 1ರಿಂದ ಇಂಥ ಹೋಟೆಲುಗಳಿಂದ ಸ್ವಿಗ್ಗಿ, ಜೊಮ್ಯಾಟೊಗಳ ಮೂಲಕ ಹೋಗುವ ಊಟದ ತೆರಿಗೆಯನ್ನು ಆ ಕಂಪೆನಿಗಳೇ ಕಟ್ಟಬೇಕೆಂದು ಗೊತ್ತಾಯಿತು. ಅಡಿಗೆಮನೆಯಿಂದ ಹೊರಡುವ ದೋಸೆ ಒಂದೇ. ಮೇಜಿಗೆ ಹೋದರೆ ತೆರಿಗೆ ಯಜಮಾನನ ಹೊಣೆ, ಕಂಪೆನಿಯ ಪೊಟ್ಟಣದಲ್ಲಿ ಹೋದರೆ ಕಂಪೆನಿಯ ಹೊಣೆ. 300 ರೂಪಾಯಿಯ ಆರ್ಡರು ತಪ್ಪು ಗುಂಪಿಗೆ ಸೇರಿದರೆ, ಕಂಪೆನಿ ಕಟ್ಟಿದ 15 ರೂಪಾಯಿಯನ್ನು ಯಜಮಾನನೂ ಕಟ್ಟಬೇಕಾಗುತ್ತದೆ. ತಿಂಗಳ ಲೆಕ್ಕದ ಜಿಎಸ್‌ಟಿಆರ್-3ಬಿ ಪತ್ರವನ್ನು ಒಮ್ಮೆ ಸಲ್ಲಿಸಿದ ಮೇಲೆ ತಿದ್ದಲು ಬಾರದು. ಮುಂದಿನ ಲೆಕ್ಕದಲ್ಲಿ ಸರಿಪಡಿಸಬೇಕು. ಗುಂಡಿ ಒತ್ತುವ ಹುಡುಗನಿಗೆ ಇದನ್ನೆಲ್ಲ ಹೇಳಿದವರಾರು?

ಗುಮಾಸ್ತ ಬಂಧುಗಳ ಪಾಡೂ ಬೇರೆಯಲ್ಲ. ಕೇಂದ್ರ ಸರ್ಕಾರದ ಕಚೇರಿಗಳ ಇ-ಆಫೀಸಿನಲ್ಲಿ ಹಳದಿ ಟಿಪ್ಪಣಿಯೆಂದರೆ ಕರಡು, ಹಸಿರು ಟಿಪ್ಪಣಿಯೆಂದರೆ ಕಡತಕ್ಕೆ ಸೇರುವ ಬರಹ. ಕಾಗದದ ಕಡತದ ಹಸಿರು ಹಾಳೆಯಲ್ಲಿ ಬರೆದು ಬಲ್ಲ ಹಿರಿಯರಿಗೆ ಇದು ಥಟ್ಟನೆ ಹೊಳೆಯುತ್ತದೆ. ಆ ಹಾಳೆಯನ್ನೇ ಕಾಣದ ಹೊಸಬನಿಗೆ ಅದು ಬರಿಯ ಬಣ್ಣ.

ದೋಷದ ಮೂಲ ಇಲ್ಲಿದೆ. ಯಂತ್ರವು ವ್ಯವಹಾರದ ಒಂದು ಕ್ರಮವನ್ನು ಅನುಸರಿಸಿ ನಡೆಯುತ್ತದೆ. ಆ ಕ್ರಮವನ್ನು ತಿಳಿಸದೆ ಗುಂಡಿಗಳನ್ನಷ್ಟೆ ತೋರಿಸಿದರೆ, ಗುಂಡಿಯ ಜಾಗ ಬದಲಾದ ದಿನ ಕಲಿತದ್ದೆಲ್ಲ ವ್ಯರ್ಥ. ಕಾವಲಿಯ ಮುಂದೆ ನಿಂತ ಹೊಸಬನ ಮೊದಲ ದೋಸೆಗಳು ಹರಿದರೆ ಯಾರೂ ಸಂಬಳ ಮುರಿಯುವುದಿಲ್ಲ. ಗಲ್ಲೆಯಲ್ಲಿ ಮಾತ್ರ ಮೊದಲ ದಿನದಿಂದಲೇ ತಪ್ಪಿಲ್ಲದ ಕೆಲಸವನ್ನು ಬಯಸುತ್ತೇವೆ.

1936ರ ವೇತನ ಪಾವತಿ ಕಾಯಿದೆಯೂ, ಅದರ ಸ್ಥಾನಕ್ಕೆ ರಚಿತವಾದ 2019ರ ವೇತನ ಸಂಹಿತೆಯೂ, ಹಣದ ನಷ್ಟಕ್ಕಾಗಿ ಸಂಬಳ ಮುರಿಯಬೇಕಾದರೆ ಆ ನಷ್ಟ ನೌಕರನ ಅಲಕ್ಷ್ಯ ಇಲ್ಲವೆ ಲೋಪದಿಂದ ನೇರವಾಗಿ ಆಗಿರಬೇಕೆಂದೂ, ಮೊದಲು ಅವನ ಸಮಜಾಯಿಷಿ ಕೇಳಬೇಕೆಂದೂ ವಿಧಿಸಿವೆ. ಕಲಿಸದೆ ಕೂರಿಸಿದ ಕೆಲಸದಲ್ಲಿ ಆದ ತಪ್ಪನ್ನು ಅವನ ಅಲಕ್ಷ್ಯವೆನ್ನುವುದು ಸಲ್ಲದೆಂದು ನಮ್ಮ ಅಭಿಪ್ರಾಯ.

ಯಜಮಾನರು ಮಾಡಬಹುದಾದುದು ಕಷ್ಟದ್ದೇನಲ್ಲ. ಮಧ್ಯಾಹ್ನ 3ರಿಂದ 5ರವರೆಗೆ ಗಿರಾಕಿ ಕಡಮೆ. ಒಂದು ವಾರ ಆ ಹೊತ್ತಿನಲ್ಲಿ, ಸಂಬಳ ಕೊಟ್ಟು, ಹಳೆಯ ಬಿಲ್ಲುಗಳ ಮೇಲೆ ಅಭ್ಯಾಸ ಮಾಡಿಸಲಿ. ಯಾವ ಆರ್ಡರು ಯಾವ ಗುಂಪಿಗೆಂದು ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನು ಗಲ್ಲೆಯ ಬಳಿ ಅಂಟಿಸಲಿ. ಹುಡುಗರೂ ತಿಳಿಯದ್ದನ್ನು ಕೇಳಲು ನಾಚಬಾರದು. ತಪ್ಪಿದರೆ ಅಂದೇ ಹೇಳಬೇಕು. ಲೆಕ್ಕ ಸಲ್ಲಿಸುವ ಮೊದಲು ತಿಳಿದ ತಪ್ಪನ್ನು ತಿದ್ದಬಹುದು. ಆದರೆ ಸಂಬಳ ಮುರಿಯುವ ಯಜಮಾನನಿಗೆ ತಪ್ಪನ್ನು ಅಂದೇ ಹೇಳುವ ಹುಡುಗ ಸಿಕ್ಕುವುದು ಅಪರೂಪ.